ಶಾಹುಲ್ ಹಮೀದರ ಹಲ್ಲಿನ ಕ್ಯಾಂಪು

ನಮ್ಮ ಮಗಳು ಫಾತಿಮತ್ ಝುಹ್ರಾ ಎಂಟನೇ ತರಗತಿಯ ಕನ್ನಡ ಡಿವಿಷನಿನಲ್ಲಿ ಓದುತ್ತಾಳೆ. ಅವಳಿಗೆ ಗಣಿತ ಕನ್ನಡದಲ್ಲಿ, ವಿಜ್ಞಾನ ಕನ್ನಡದಲ್ಲಿ, ಪರೀಕ್ಷೆ ಕನ್ನಡದಲ್ಲಿ, ಮಾಷ್ಟ್ರ ಬೈಗುಳವೂ ಕನ್ನಡದಲ್ಲೇ. ಆದರೆ ಶಾಲೆಯಲ್ಲಿ ಜ್ವರ ಹರಡಿದರೆ, ಬಾವಿಯ ನೀರು ಕೆಟ್ಟರೆ, ಅಂಗಳಕ್ಕೆ ಹುಚ್ಚುನಾಯಿ ನುಗ್ಗಿದರೆ, ಊರು ಕೇರಳಕ್ಕೆ ಸೇರಿದ್ದರಿಂದ ಆ ಸಂಗತಿ ಮಾತ್ರ ನಮಗೆ ಮಲಯಾಳದಲ್ಲಿ ಬರುತ್ತದೆ. ಮಕ್ಕಳಿಗೆ ಪಾಠ ಅರ್ಥವಾದರೆ ಸಾಕು, ತಾಯಂದಿರಿಗೆ ಕಾಯಿಲೆ ಅರ್ಥವಾಗಬೇಕಾಗಿಲ್ಲ ಎಂದು ಯಾರು ಯಾವ ಕುರ್ಚಿಯಲ್ಲಿ ಕೂತು ತೀರ್ಮಾನಿಸಿದರೋ ನನಗೆ ಗೊತ್ತಿಲ್ಲ. ಅವರ ಮನೆಯ ಮಕ್ಕಳಿಗೆ ಜ್ವರ ಬರುವುದಿಲ್ಲವೆಂದು ತೋರುತ್ತದೆ.

ನಾನು ಸಿಟ್ಟಿನವಳಲ್ಲ. ಶಿರಿಯದಲ್ಲಿ ಯಾರನ್ನು ಬೇಕಾದರೂ ಕೇಳಿ. ಮೀನಿನವನು ಮೆತ್ತಗಾದ ಬಂಗುಡೆ ಕೊಟ್ಟರೂ ‘ನಾಳೆ ಒಳ್ಳೆಯದು ತಾ’ ಎಂದು ಹೇಳಿ ಒಳಗೆ ಬರುವವಳು ರಿಝ್ವಾನಾ ಎಂದೇ ಹೇಳುತ್ತಾರೆ. ಇಂಥ ನನಗೂ ಸಿಟ್ಟು ಬಂದ ಸಂಗತಿ ಇದು.

ನನ್ನ ಗಂಡ ಶಾಹುಲ್ ಹಮೀದ್ ಅವರಿಗೆ ಕುಂಬಳೆಯ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಇದೆ. ಅದಕ್ಕೆ ಮೊದಲು ಹದಿನೆಂಟು ವರ್ಷ ಶಾರ್ಜಾದಲ್ಲಿದ್ದರು. ಅಲ್ಲಿ ಒಂದೇ ಕೋಣೆಯಲ್ಲಿ ಕಣ್ಣೂರು, ಮಲಪ್ಪುರದ ಏಳು ಮಂದಿಯ ಜೊತೆ ಉಂಡು, ಮಲಗಿ, ಜಗಳಾಡಿ ಅವರ ಬಾಯಿಗೆ ಮಲಯಾಳ ಬಂತು. ಬಾಯಿಗೆ ಬಂದದ್ದು ಕಣ್ಣಿಗೆ ಬರಲಿಲ್ಲ. ಎಂದರೆ, ಮಾತಾಡಲು ಕೂತರೆ ಮಲಪ್ಪುರದವರೇ ಬಾಯಿ ಬಿಡಬೇಕು, ಓದಲು ಮಾತ್ರ ಒಂದಕ್ಷರವೂ ಬಾರದು. ಈ ಗುಟ್ಟು ತಿಳಿದವರು ಇಬ್ಬರೇ: ನಾನು, ಮತ್ತು ಅಂಗಡಿಯ ಪಕ್ಕದ ದರ್ಜಿ ಕುಂಞ. ಉಳಿದ ಲೋಕಕ್ಕಾಗಿ ನನ್ನ ಗಂಡ ದಿನಾ ಒಂದು ಮಲಯಾಳ ಪತ್ರಿಕೆ ತರಿಸಿ, ಮೇಜಿನ ಮೇಲೆ ಹರಡಿ, ಗಂಭೀರವಾಗಿ ಪುಟ ತಿರುಗಿಸುತ್ತಾರೆ. ಕೈ ಮುಗಿದ ಚಿತ್ರವಿದ್ದರೆ ಚುನಾವಣೆ, ಚಿಕ್ಕ ಚೌಕದೊಳಗೆ ಮುಖ ಇದ್ದರೆ ಮರಣ. ಹೀಗೆ ಅವರಿಗೆ ತಿಳಿಯದ ಸುದ್ದಿಯಿಲ್ಲ.

ಜೂನ್ ತಿಂಗಳಲ್ಲಿ ತರಗತಿಯ ಮಕ್ಕಳ ತಂದೆತಾಯಿಯರ, ಎಂದರೆ ರಕ್ಷಕರ, ಮೊದಲ ಸಭೆ ನಡೆಯಿತು. ಹೊಸ ಹೆಡ್‌ಮಿಸ್ಟ್ರೆಸ್ ಬಂದಿದ್ದರು, ಕೊಲ್ಲದ ಕಡೆಯವರು. ಕನ್ನಡ ಅವರಿಗೆ ಒಂದು ಮಾತೂ ಬಾರದು. ಅವರು ಮಲಯಾಳದಲ್ಲಿ ಏನೋ ಕೇಳಿದರು. ನಲವತ್ತು ಜನ ರಕ್ಷಕರು ಫ್ಯಾನು ನೋಡಿದರು. ಆಗ ನನ್ನ ಗಂಡ ಎದ್ದು, ಅಂಗಿ ಎಳೆದು ಸರಿಮಾಡಿಕೊಂಡು, ಎರಡು ನಿಮಿಷ ಮಲಯಾಳದಲ್ಲಿ ಮಾತಾಡಿದರು. ಹೆಡ್‌ಮಿಸ್ಟ್ರೆಸ್ ಟೀಚರ ಮುಖ ಅರಳಿತು.

ಕ್ಲಾಸ್ ಟೀಚರ್ ಕೇಶವಪ್ರಸಾದ ಮಾಷ್ಟ್ರು ಅದನ್ನೇ ಕಾಯುತ್ತಿದ್ದವರಂತೆ ಎದ್ದರು. “ಶಾಹುಲ್ ಸಾಹೇಬ್ರಿಗೆ ಮಲಯಾಳ ಅಂದ್ರೆ ನೀರು ಕುಡಿದ ಹಾಗೆ. ಮೇಲಿನಿಂದ ನೋಟೀಸು ಬರುವುದೆಲ್ಲ ಮಲಯಾಳದಲ್ಲಿ. ಇನ್ನು ಮೇಲೆ ನಾನು ಅದರ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುವುದು, ಸಾಹೇಬ್ರು ಅದನ್ನು ಕನ್ನಡದಲ್ಲಿ ವಾಯ್ಸ್ ಮಾಡಿ ಹೇಳುವುದು. ಆಗಬಹುದಲ್ಲ?”

ಚಪ್ಪಾಳೆ ಬಿತ್ತು. ಹೆಂಗಸರ ಬೆಂಚಿನಿಂದ ನಾನು ಕಣ್ಣಲ್ಲೇ ‘ಬೇಡ, ಬೇಡ’ ಎಂದೆ. ಅವರು ನನ್ನ ಕಡೆ ನೋಡಲೇ ಇಲ್ಲ.

ಬಸ್ಸಿನಲ್ಲಿ ಕೇಳಿದೆ, “ಎಂತ ಮಾಡಿದಿರಿ ನೀವು? ಓದಲು ಬರ್ತದಾ ನಿಮಗೆ?”

“ಅಷ್ಟು ಜನರ ಎದುರು ಬರುವುದಿಲ್ಲ ಅಂತ ಹೇಳುವುದಾ? ಕುಂಞ ಇದ್ದಾನಲ್ಲ ಮಾರಾಯ್ತಿ.”

ಕುಂಞ ಇದ್ದರು, ನಿಜ. ನೋಟೀಸು ಬಂದೊಡನೆ ನನ್ನ ಗಂಡ ಫೋನು ಹಿಡಿದು ದರ್ಜಿ ಅಂಗಡಿಗೆ ನುಗ್ಗುವುದು, ಕುಂಞ ಬಾಯಿಯ ಗುಂಡುಸೂಜಿ ತೆಗೆಯದೆ ಓದಿ ಹೇಳುವುದು, ಇವರು ಹೊರಗೆ ಬಂದು ಗಂಟಲು ಸರಿಮಾಡಿಕೊಂಡು ವಾಯ್ಸ್ ಕಳಿಸುವುದು. ಐದು ತಿಂಗಳು ಹೀಗೆ ನಡೆಯಿತು. ಡೆಂಗ್ಯೂ ಬಂತು, ಹೋಯಿತು. ಮಳೆಯ ರಜೆ ಬಂತು. ಎಲ್ಲವೂ ಶಾಹುಲ್ ಹಮೀದರ ಗಂಟಲಿನ ಮೂಲಕವೇ ಶಿರಿಯದ ಅಡುಗೆಮನೆಗಳನ್ನು ತಲುಪಿತು. ಪಕ್ಕದ ಮನೆಯ ಹವ್ವಮ್ಮ ಮಾಮಿಯಂತೂ, “ಶಾಹುಲ್ ಹೇಳಿದನಾ? ಹೇಳದಿದ್ದರೆ ರಜೆ ಅಲ್ಲ” ಎಂದು, ಕಲೆಕ್ಟರು ರಜೆ ಕೊಟ್ಟ ದಿನವೂ ಮೊಮ್ಮಗ ತಂಸೀರನಿಗೆ ಸಮವಸ್ತ್ರ ತೊಡಿಸಿ ಕೂರಿಸಿದ್ದರು.

ನವೆಂಬರಿನಲ್ಲಿ ಕುಂಞ ಮಗಳ ಬಾಣಂತನಕ್ಕೆಂದು ಪಯ್ಯನ್ನೂರಿಗೆ ಹೋದರು. ಅವರದ್ದು ಒತ್ತುವ ಗುಂಡಿಯ ಹಳೆಯ ಫೋನು, ಅದಕ್ಕೆ ಫೋಟೋ ಹೋಗುವುದಿಲ್ಲ. ಅವರು ಹೋದ ಮರುದಿನವೇ, ಸೋಮವಾರ ಸಂಜೆ, ಗ್ರೂಪಿಗೆ ಒಂದು ನೋಟೀಸು ಬಂತು. ಬೋರ್ಡಿನ ಮೇಲಿದ್ದ ಪೋಸ್ಟರನ್ನು ಮಾಷ್ಟ್ರು ಓರೆಯಾಗಿ ತೆಗೆದ ಫೋಟೋ. ಅರ್ಧಕ್ಕೆ ಟ್ಯೂಬ್‌ಲೈಟಿನ ಬೆಳಕು ಬಡಿದಿತ್ತು. ಝುಹ್ರಾ ಅದನ್ನು ಫೋನಿನಲ್ಲೇ ಕನ್ನಡ ಮಾಡಲು ನೋಡಿದಳು. ಫೋನೂ ಕೈಚೆಲ್ಲಿತು.

ನನ್ನ ಗಂಡ ಚಿತ್ರ ದೊಡ್ಡದು ಮಾಡಿ ನೋಡಿದರು. ತಲೆಯ ಸುತ್ತ ಬಟ್ಟೆ ಕಟ್ಟಿಕೊಂಡ, ಕೆನ್ನೆ ಊದಿದ ಒಬ್ಬ ಹುಡುಗ. ಪಕ್ಕದಲ್ಲಿ ಒಂದು ಶಾಲೆಯ ಕಟ್ಟಡ, ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ. ಕೆಳಗೆ ನೀರಿನ ಲೋಟ. ಮೂಲೆಯಲ್ಲಿ ದೊಡ್ಡದಾಗಿ ‘5’.

“ಇದಕ್ಕೆ ಕುಂಞ ಎಂತಕ್ಕೆ?” ಎಂದರು. “ಕೆನ್ನೆ ಊದಿದ್ದು ಎಂತಕ್ಕೆ? ಹಲ್ಲುನೋವು. ಶಾಲೆಯ ಮೇಲೆ ಕೆಂಪು ಕ್ರಾಸು ಎಂತಕ್ಕೆ? ರೆಡ್‌ಕ್ರಾಸಿನ ಡಾಕ್ಟರು ಶಾಲೆಗೆ ಬರ್ತಾರೆ. ಲೋಟ ಎಂತಕ್ಕೆ? ಬಾಯಿ ಮುಕ್ಕಳಿಸಲಿಕ್ಕೆ.”

“ಮತ್ತೆ ಐದು ಎಂತಕ್ಕೆ, ಉಪ್ಪಾ?” ಎಂದು ಝುಹ್ರಾ ಅಪ್ಪನನ್ನು ಕೇಳಿದಳು.

ಅವರು ಬೆರಳು ಮಡಿಸಿದರು. “ಆದಿತ್ಯವಾರ, ಸೋಮವಾರ, ಮಂಗಳವಾರ, ಬುಧವಾರ... ಐದನೇ ದಿನ ಗುರುವಾರ!”

ನಾನು ಮೀನು ತೊಳೆಯುತ್ತಿದ್ದವಳು ಹೇಳಿದೆ, “ಯಾವುದಕ್ಕೂ ಮಾಷ್ಟ್ರಿಗೆ ಒಂದು ಫೋನು ಮಾಡಿ.”

“ಮಾಷ್ಟ್ರಿಗೆ ಫೋನು ಮಾಡಿದರೆ ನನ್ನ ಮರ್ಯಾದೆ ಎಂತ ಆಗಬೇಕು?” ಎಂದು ಅವರು ಅಂಗಳಕ್ಕೆ ಇಳಿದರು. ನಾನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ವಾಯ್ಸ್ ಹೋಗಿ ಆಗಿತ್ತು.

“ಅಸ್ಸಲಾಮು ಅಲೈಕುಂ, ನಮಸ್ಕಾರ. ಎಂಟನೇ ತರಗತಿಯ ರಕ್ಷಕರ ಗಮನಕ್ಕೆ. ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಶಾಲೆಯಲ್ಲಿ ರೆಡ್‌ಕ್ರಾಸಿನವರ ಉಚಿತ ಹಲ್ಲಿನ ಕ್ಯಾಂಪು ಉಂಟು. ಕೆನ್ನೆ ಊದಿದ ಮಕ್ಕಳನ್ನು ಯಾರೂ ಮನೆಯಲ್ಲಿ ಕೂರಿಸಬಾರದು. ಜ್ವರ ಇದ್ದರೂ ಕಳಿಸಬೇಕು. ಬೇರೆ ಕ್ಲಾಸಿನವರೂ ಬರಬಹುದು. ಒಂದು ಲೋಟ ತನ್ನಿ.”

‘ಹತ್ತು ಗಂಟೆ’ ಎಲ್ಲಿಂದ ಬಂತು ಎಂದು ಕೇಳಿದೆ. “ಕ್ಯಾಂಪು ಮತ್ತೆ ಎಷ್ಟು ಗಂಟೆಗೆ ಮಾಡುವುದು?” ಎಂದರು. ಜ್ವರದ ಮಾತು? “ನೋವಿದ್ದರೆ ಜ್ವರ ಬರ್ತದೆ. ಜ್ವರ ಅಂತ ಡಾಕ್ಟರನ್ನು ಬಿಡ್ಲಿಕ್ಕೆ ಆಗ್ತದಾ?”

ನಮ್ಮ ಗ್ರೂಪಿನಲ್ಲಿ ಗಂಡಸರು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ, ಹೆಂಗಸರು ವಾಯ್ಸ್ ಕಳಿಸುತ್ತಾರೆ. ಆ ಸಂಜೆ ಹೆಬ್ಬೆರಳುಗಳ ಮಳೆಯೇ ಸುರಿಯಿತು. ಹವ್ವಮ್ಮ ಮಾಮಿಯ ವಾಯ್ಸ್ ಬಂತು: “ಶಾಹುಲೇ, ಮೋನೇ, ನಿನಗೆ ಒಳ್ಳೆಯದಾಗಲಿ. ನಮ್ಮ ತಂಸೀರನ ಕೆನ್ನೆ ನಿನ್ನೆಯಿಂದ ಬನ್ಸಿನ ಹಾಗೆ ಆಗಿದೆ. ಲವಂಗ ಇಟ್ಟು ಇಟ್ಟು ಡಬ್ಬಿ ಖಾಲಿ. ಅವನೇ ಫಸ್ಟು.” ರೈಲ್ವೆ ಗೇಟಿನ ಆಚೆಯ ಜೂಲಿಯೆಟ್ ಕೇಳಿದಳು, “ಶಾಹುಲಿಚ್ಚ, ನಮ್ಮ ಕೀತ್‌ಗೆ ಎರಡೂ ಬದಿ ಊದಿದೆ. ನಾನು ಮಂಗನಬಾವು ಅಂತ ಹೆದರಿದ್ದೆ. ಇದು ಹಲ್ಲೇ ಅಲ್ವಾ?” ನನ್ನ ಗಂಡ ಉತ್ತರಿಸಿದರು, “ಎರಡೂ ಬದಿ ಹಲ್ಲು ಉಂಟಲ್ಲ ಜೂಲಿಯೆಟ್.”

ಆ ವಾಯ್ಸ್ ಅಲ್ಲಿಗೇ ನಿಲ್ಲಲಿಲ್ಲ. ಮಸೀದಿಯ ಜಮಾತಿನ ಗ್ರೂಪಿಗೆ ಹೋಯಿತು, ಇಗರ್ಜಿಯ ಗ್ರೂಪಿಗೆ ಹೋಯಿತು, ಕಬಡ್ಡಿ ಕ್ಲಬ್ಬಿಗೆ ಹೋಯಿತು. ಬುಧವಾರ ಸಂಜೆ ನನ್ನ ತವರಿನಿಂದ, ಉಪ್ಪಳದಿಂದ, ಅದೇ ವಾಯ್ಸ್ ನನಗೇ ಬಂತು. ಯಾರೋ ಅದರ ಮೇಲೆ ‘ಸರಕಾರದ ಆದೇಶ’ ಎಂದು ಬರೆದಿದ್ದರು.

ಗುರುವಾರ ನನ್ನ ಗಂಡ ಝುಹ್ರಾಳನ್ನೂ ಹೊರಡಿಸಿದರು. ಅವಳ ಹಲ್ಲಿಗೆ ಏನೂ ಆಗಿರಲಿಲ್ಲ. “ಹೇಳಿದವನ ಮಗಳೇ ಇಲ್ಲದಿದ್ದರೆ ಜನ ಎಂತ ಹೇಳ್ತಾರೆ?” ಎಂದರು. ಲೋಟ ಹಿಡಿದು ನಾನೂ ಹೋದೆ.

ಶಾಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಹೆಡ್‌ಮಿಸ್ಟ್ರೆಸ್ ಟ್ರೈನಿಂಗಿಗೆಂದು ಕಾಸರಗೋಡಿಗೆ ಹೋಗಿದ್ದರು. ಕೇಶವಪ್ರಸಾದ ಮಾಷ್ಟ್ರು ಎಂಟನೇ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ, ಮಧ್ಯದಲ್ಲಿ ಮೇಜು ಇಟ್ಟು, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಉಗುಳಲು ಎರಡು ಬಕೆಟ್ ಇಡಿಸಿದ್ದರು. ಬಾಗಿಲಿಗೆ ತೋರಣ ಒಂದು ಇರಲಿಲ್ಲ, ಅಷ್ಟೇ. ಇದನ್ನು ನೋಡಿ ನನ್ನ ಅನುಮಾನವೆಲ್ಲ ಕರಗಿತು. ಮಾಷ್ಟ್ರೇ ಬಕೆಟ್ ಇಡಿಸಿದ ಮೇಲೆ ಕ್ಯಾಂಪು ಸುಳ್ಳಾಗುವುದು ಹೇಗೆ? ನನ್ನ ಗಂಡನಿಗೆ ಮಲಯಾಳ ಓದಲು ಬಂದೇ ಬಿಟ್ಟಿತೇ ಎಂದು ಹೆಮ್ಮೆಯೂ ಆಯಿತು.

ಹತ್ತು ಗಂಟೆಗೆ ಸಾಲು ವರಾಂಡ ದಾಟಿತು. ಊದಿದ ಕೆನ್ನೆಯವರು ಮೂವತ್ತೊಂದು ಮಂದಿ. ಎಡಕ್ಕೆ ಊದಿದವರು, ಬಲಕ್ಕೆ ಊದಿದವರು, ಕೀತನ ಹಾಗೆ ಎರಡೂ ಕಡೆಗೆ ಊದಿ ಕುತ್ತಿಗೆಯೇ ಕಾಣದವರು. ಪಕ್ಕದ ಎಲ್.ಪಿ. ಶಾಲೆಯಿಂದ ಒಂದು ಆಟೋ ತುಂಬ ಚಿಕ್ಕ ಮಕ್ಕಳು ಬಂದಿದ್ದರು. ಜೊತೆಗೆ ಹುಳುಕು ಹಲ್ಲಿನ ಆರೋಗ್ಯವಂತರು ಬೇರೆ. ಎಲ್ಲರೂ ಒಂದೇ ಕೋಣೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ತಂಸೀರನ ಲೋಟ ಮರೆತುಹೋಗಿತ್ತು. ನನ್ನ ಝುಹ್ರಾ ಒಳ್ಳೆಯ ಹುಡುಗಿ, ತನ್ನದನ್ನೇ ಕೊಟ್ಟಳು. ಅವನು ಕುಡಿದ ಮೇಲೆ ಅವಳೂ ಕುಡಿದಳು.

ಹತ್ತೂವರೆಗೆ ಸ್ಕೂಟರಿನಲ್ಲಿ ಒಬ್ಬರು ಬಂದರು. ಕೈಯಲ್ಲಿ ಚೀಲ, ಮುಖಕ್ಕೆ ಮಾಸ್ಕು. ಹವ್ವಮ್ಮ ಮಾಮಿ ತಂಸೀರನ ಬಾಯಿ ಎರಡೂ ಕೈಯಿಂದ ಅಗಲಿಸಿ ಹಿಡಿದು, “ಡಾಕ್ಟರೇ, ಇವನು ಫಸ್ಟು” ಎಂದರು.

ಅವರು ಡಾಕ್ಟರಲ್ಲ, ಹೆಲ್ತ್ ಇನ್‌ಸ್ಪೆಕ್ಟರ್ ಜಯಪಾಲ. ಶಾಲೆಯ ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಇದೆಂತ ಮಾರಾಯ್ರೆ? ಒಬ್ಬನನ್ನೂ ಶಾಲೆಗೆ ಬಿಡಬೇಡಿ ಅಂತ ನೋಟೀಸು ಹಾಕಿದ್ರೆ ಪಂಚಾಯತಿನ ಮಂಗನಬಾವೆಲ್ಲ ತಂದು ಒಂದೇ ರೂಮಲ್ಲಿ ಕೂರಿಸಿದ್ದೀರಲ್ಲ!”

ನನ್ನ ಗಂಡ ಬಕೆಟ್ ನೋಡುತ್ತಿದ್ದರು.

“ಐದು ದಿನ ಮನೆಯಲ್ಲಿ ಇರಿಸಿ, ನೀರು ಕುಡಿಸಿ, ಬೇರೆಯವರ ಜೊತೆ ಸೇರಿಸಬೇಡಿ, ಲೋಟ ಹಂಚಬೇಡಿ ಅಂತ ಇಷ್ಟು ದೊಡ್ಡ ಪೋಸ್ಟರು! ಯಾರು ಹೇಳಿದ್ದು ಹಲ್ಲಿನ ಕ್ಯಾಂಪು ಅಂತ?”

“ಗ್ರೂಪಿನಲ್ಲಿ ಬಂತು ಸಾರ್” ಎಂದರು ಮಾಷ್ಟ್ರು.

“ಗ್ರೂಪಿಗೆ ಹಾಕಿದ್ದು ಯಾರು?”

“ಪೋಸ್ಟರು ಹಾಕಿದ್ದು ನಾನೇ ಸಾರ್.”

“ಹಾಕುವಾಗ ಓದಲಿಲ್ವಾ?”

ಕೇಶವಪ್ರಸಾದ ಮಾಷ್ಟ್ರು ಮಾಡಿನ ಹಂಚುಗಳನ್ನು ಒಂದೊಂದಾಗಿ ನೋಡಿದರು. “ಶಾಹುಲ್ ಸಾಹೇಬ್ರು ಹೇಳಿದ್ದು ಕೇಳಿದ್ದೆ ಸಾರ್” ಎಂದರು. “ಅದಕ್ಕೇ ಬಕೆಟ್ ಇಟ್ಟದ್ದು.”

ಮಾಷ್ಟ್ರಿಗೂ ಮಲಯಾಳ ಓದಲು ಬಾರದು! ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿದ ಮನುಷ್ಯ, ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಲ್ಲಿಗೆ ವ್ಯವಸ್ಥೆ ಹೀಗಿತ್ತು: ಆರೋಗ್ಯ ಇಲಾಖೆ ಶಾಲೆಗೆ ತಿಳಿಸಿತು, ಶಾಲೆ ನನ್ನ ಗಂಡನಿಗೆ ತಿಳಿಸಿತು, ನನ್ನ ಗಂಡ ಚಿತ್ರ ನೋಡಿ ಶಾಲೆಗೆ ತಿಳಿಸಿದರು. ನಾವು ತಾಯಂದಿರೆಲ್ಲ ಈ ಗಾಣದ ಸುತ್ತ ಮಕ್ಕಳ ಕೈ ಹಿಡಿದು ತಿರುಗಿದೆವು.

ಶಾಲೆಗೆ ರಜೆ ಕೊಟ್ಟರು. ಇನ್‌ಸ್ಪೆಕ್ಟರು ಶಾಲೆಯಿಂದ ಬರವಣಿಗೆಯಲ್ಲಿ ವಿವರಣೆ ಕೇಳಿದರು. ಊರಿನಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷ ನನ್ನ ಗಂಡನನ್ನು ‘ಹಲ್ಲಿನ ಡಾಕ್ಟ್ರು’ ಎಂದು ಕರೆಯಿತು, ಚಪ್ಪಲಿ ಕೊಳ್ಳಲು ಬಂದವರೂ ಬಾಯಿ ತೆರೆದು ತೋರಿಸಿದರು. ಇನ್ನೊಂದು ಪಕ್ಷದಲ್ಲಿ ಹವ್ವಮ್ಮ ಮಾಮಿ ಒಬ್ಬರೇ. “ಶಾಹುಲ್ ಓದಿದ್ದು ತಪ್ಪಾಗ್ಲಿಕ್ಕಿಲ್ಲ. ರೆಡ್‌ಕ್ರಾಸಿನ ಡಾಕ್ಟರು ದಾರಿಯಲ್ಲಿ ಇದ್ದರು. ಈ ಸ್ಕೂಟರಿನವನು ಬಂದು ವಾಪಸ್ ಕಳಿಸಿದ” ಎಂದು ಅವರು ಬೇಲಿಯ ಮೇಲಿಂದ ಎಲ್ಲರಿಗೂ ಹೇಳಿದರು. ನನ್ನ ಗಂಡ ತಿದ್ದಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಹೋಗಿ ನಿದ್ದೆಯಲ್ಲಿದ್ದ ಝುಹ್ರಾಳ ಎರಡೂ ಕೆನ್ನೆಗೆ ಅಂಗೈ ಇಟ್ಟು ಅಳೆಯುತ್ತಿದ್ದರು.

ಶನಿವಾರ ಹೆಡ್‌ಮಿಸ್ಟ್ರೆಸ್ ಕರೆಸಿದರು. ನಾನೂ ಹೋದೆ. ಆಫೀಸಿನಲ್ಲಿ ಟೀಚರು, ಮಾಷ್ಟ್ರು, ಮತ್ತು ಕೀತನ ರಜೆ ಅರ್ಜಿ ಕೊಡಲು ಬಂದಿದ್ದ ಜೂಲಿಯೆಟ್ ಇದ್ದರು. ಟೀಚರು ಮಲಯಾಳದಲ್ಲಿ ಮೆತ್ತಗೆ ಮಾತಾಡಿದರು. ಬ್ಯಾರಿ ಮಾತಾಡುವ ನನಗೆ ಮಲಯಾಳ ಕೇಳಿದರೆ ಅಷ್ಟಿಷ್ಟು ಗೊತ್ತಾಗುತ್ತದೆ. ಆದದ್ದು ಆಯಿತು, ಮೇಲಿನವರಿಗೆ ಒಂದು ಕಾಗದ ಹೋದರೆ ವಿಷಯ ಮುಗಿಯುತ್ತದೆ, ಕಾಗದ ತಯಾರಿದೆ ಎಂದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇಟ್ಟು, ಕೆಳಗೆ ಬೆರಳು ತೋರಿಸಿ, “ಇವಿಡೆ ಒಪ್ಪಿಡೂ” ಎಂದರು. ಇಲ್ಲಿ ಸಹಿ ಹಾಕಿ.

ಹಾಳೆ ಪೂರ್ತಿ ಮಲಯಾಳ. ನನ್ನ ಗಂಡ ಪೆನ್ನು ತೆಗೆದುಕೊಂಡರು!

ಆಗ ಬಂತು ನನಗೆ ಸಿಟ್ಟು. ಓದಲು ಬಾರದ ನೋಟೀಸಿನಿಂದ ಇಷ್ಟೆಲ್ಲ ಆದ ಮೇಲೆ, ಓದಲು ಬಾರದ ಕಾಗದಕ್ಕೆ ಸಹಿ ಹಾಕಿ ಅದನ್ನು ಮುಗಿಸುವುದೇ?

“ಅದರಲ್ಲಿ ಎಂತ ಬರೆದಿದೆ?” ಎಂದೆ. ನನ್ನ ಸ್ವರ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. “ಮಾಷ್ಟ್ರೇ, ನೀವು ಓದಿ ಹೇಳಿ.”

“ನಾನಾ? ನನ್ನ ಕನ್ನಡಕ ಮನೆಯಲ್ಲಿ ಬಾಕಿಯಾಯಿತು” ಎಂದರು ಮಾಷ್ಟ್ರು. ಕನ್ನಡಕ ಅವರ ಮೂಗಿನ ಮೇಲಿತ್ತು.

“ಹಾಗಾದರೆ ನೀವೇ ಓದಿ” ಎಂದೆ ನನ್ನ ಗಂಡನಿಗೆ. “ಓದದೆ ಸಹಿ ಹಾಕಿದರೆ ನಾನು ಇಲ್ಲೇ ಕೂರುತ್ತೇನೆ, ಸಂಜೆಯವರೆಗೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ಟೀಚರಿಗೆ ಮಲಯಾಳದಲ್ಲಿ, ಹೆಂಡತಿಗೆ ಅರ್ಥವಾಗಬೇಕಲ್ಲ, ಕನ್ನಡದಲ್ಲಿ ಓದಿ ಹೇಳುತ್ತೇನೆ ಎಂದರು. ಟೀಚರು ಸಂತೋಷದಿಂದ ತಲೆಯಾಡಿಸಿದರು. ಜೂಲಿಯೆಟ್ ಫೋನಿನ ಮೈಕಿನ ಗುರುತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಮಕ್ಕಳ ರಕ್ಷಕರೆಲ್ಲ ಕಾಯುತ್ತಿದ್ದರು.

ನನ್ನ ಗಂಡ ಹಾಳೆಯನ್ನು ಎತ್ತಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಿದರು.

“ಮಾನ್ಯ ರಕ್ಷಕರೇ. ಗುರುವಾರ ನಡೆದ ಘಟನೆಗೆ ಶಾಲೆ ಖೇದ ವ್ಯಕ್ತಪಡಿಸುತ್ತದೆ. ಕನ್ನಡ ಮಕ್ಕಳ ಮನೆಗೆ ಕನ್ನಡದಲ್ಲಿ ತಿಳಿಸದೆ ಇದ್ದದ್ದು ದೊಡ್ಡ ತಪ್ಪು. ಇನ್ನು ಮುಂದೆ ಮಕ್ಕಳ ಆರೋಗ್ಯ, ಸುರಕ್ಷೆ, ಪರೀಕ್ಷೆ, ರಜೆ, ಯಾವ ವಿಷಯವೇ ಆದರೂ ಶಾಲೆಯೇ ಕನ್ನಡದಲ್ಲಿ ಬರೆದು, ಅಧ್ಯಾಪಕರು ಓದಿ ನೋಡಿ, ಆಮೇಲೆ ಗ್ರೂಪಿಗೆ ಹಾಕತಕ್ಕದ್ದು.”

ಬೆರಳು ಸಾಲಿನ ಕೊನೆಗೆ ಬಂದಾಗ ಸರಿಯಾಗಿ ವಾಕ್ಯವೂ ಮುಗಿಯುತ್ತಿತ್ತು. ಇದು ಸುಲಭದ ಕೆಲಸವಲ್ಲ. ಟೀಚರು ‘ಖೇದ’, ‘ಆರೋಗ್ಯ’, ‘ಸುರಕ್ಷೆ’ ಎಂದು ಕೇಳಿದಾಗಲೆಲ್ಲ ತಲೆದೂಗಿದರು. ಆ ಮಾತುಗಳು ಮಲಯಾಳದಲ್ಲೂ ಅವೇ. ಕೇಶವಪ್ರಸಾದ ಮಾಷ್ಟ್ರ ಬಾಯಿ ಮಾತ್ರ ನಿಧಾನವಾಗಿ ತೆರೆಯುತ್ತ ಹೋಯಿತು.

ಆದರೆ ಹಾಳೆಯಲ್ಲಿ ಇನ್ನೂ ನಾಲ್ಕು ಸಾಲು ಉಳಿದಿತ್ತು. ಅವರ ಬಳಿ ವಿಷಯ ಉಳಿದಿರಲಿಲ್ಲ. ಬೆರಳು ಒಂದು ಗಳಿಗೆ ನಿಂತಿತು. ಅವರು ನನ್ನ ಕಡೆ ಕಣ್ಣು ಹಾಯಿಸಿ ಮುಂದುವರಿಸಿದರು.

“ಹಾಗೆಯೇ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲದಿರುವುದು ಜುಲೈ ತಿಂಗಳಿನಿಂದ ಗಮನಕ್ಕೆ ಬಂದಿದೆ. ಅದನ್ನು ಒಂದು ವಾರದೊಳಗೆ ಹಾಕಿಸಲಾಗುವುದು. ಎಂದು, ವಿಶ್ವಾಸಪೂರ್ವಕ.”

ಜುಲೈಯಿಂದ ನಾನು ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದ್ದ ಮಾತು ಅದು. ಇವರ ಕಿವಿಗೆ ಬಿದ್ದಿದೆಯೆಂದು ನನಗೆ ಗೊತ್ತಾದದ್ದೇ ಆಗ.

ಟೀಚರು ಮಾಷ್ಟ್ರ ಕಡೆ ತಿರುಗಿ, ಓದಿದ್ದು ಸರಿಯಲ್ಲವೇ ಎಂದು ಕೇಳಿದರು. ಹಾಳೆಯಲ್ಲಿ ಏನಿದೆಯೆಂದು ಓದಲಾಗದ, ಆದರೆ ಏನಿರಲಾರದೆಂದು ಚೆನ್ನಾಗಿ ಗೊತ್ತಿದ್ದ ಮಾಷ್ಟ್ರು, ಬೆವರು ಒರೆಸಿಕೊಂಡು, “ಶರಿಯಾಣ್ ಟೀಚರ್” ಎಂದರು.

“ನಾವು ಸಹಿ ಹಾಕಿದರೆ ಸಾಲದು, ಟೀಚರ ಸಹಿಯೂ ಬೇಕು, ಸೀಲೂ ಬೇಕು, ನಮಗೊಂದು ಪ್ರತಿಯೂ ಬೇಕು” ಎಂದೆ. ನನ್ನ ಗಂಡ ತಮ್ಮ ಸಹಿ ಹಾಕಿ, ಅದನ್ನು ಮಲಯಾಳದಲ್ಲಿ ಹೇಳಿದರು. ಟೀಚರು ಸಂತೋಷದಿಂದಲೇ ಸಹಿ ಹಾಕಿ ಸೀಲು ಒತ್ತಿದರು.

ಗೇಟು ದಾಟಿದ ಮೇಲೆ ಕೇಳಿದೆ, “ಅದರಲ್ಲಿ ಹಾಗೆ ಬರೆದಿತ್ತಾ?”

“ನನಗೆಂತ ಗೊತ್ತು?” ಎಂದರು. ಸ್ವಲ್ಪ ದೂರ ನಡೆದು, “ನನ್ನ ಮಗಳನ್ನು ನಾನೇ ಕೈ ಹಿಡಿದು ಕರ್ಕೊಂಡು ಹೋಗಿ ಕಾಯಿಲೆಯ ಮಧ್ಯ ಕೂರಿಸಿದೆ. ಅದು ನನ್ನ ತಪ್ಪು. ಅದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕ್ತೇನೆ. ಅವರದ್ದೂ ಒಂದು ತಪ್ಪು ಇತ್ತಲ್ಲ, ಅದನ್ನು ಓದಿದೆ” ಎಂದರು.

ಆ ಹೊತ್ತಿಗೆ ಜೂಲಿಯೆಟ್ ಕಳಿಸಿದ ಆ ವಾಯ್ಸಿಗೆ ಗ್ರೂಪಿನಲ್ಲಿ ಅರುವತ್ತು ಹೆಬ್ಬೆರಳು ಬಿದ್ದಿದ್ದವು. ಸೋಮವಾರ ಕುಂಬಳೆಯ ಕನ್ನಡ ಸಂಘದವರು, ಕನ್ನಡದಲ್ಲೇ ನೋಟೀಸು ಕೊಡಲು ಒಪ್ಪಿದ ಟೀಚರನ್ನು ಸನ್ಮಾನಿಸಲು, ಶಾಲು, ಹಣ್ಣಿನ ಬುಟ್ಟಿ, ಫೋಟೋದವನ ಸಮೇತ ಶಾಲೆಗೆ ಹೋದರು. ಮಕ್ಕಳಿಲ್ಲದ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಒಬ್ಬರೇ ಕೂತಿದ್ದರು. ಯಾಕೆಂದು ಗೊತ್ತಾಗದೆ, ಬೇಡವೆನ್ನಲೂ ಆಗದೆ, ಅವರು ಶಾಲು ಹೊದೆಸಿಕೊಂಡು ನಕ್ಕರು. ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಆಗ ಅವರು ಮಾಷ್ಟ್ರನ್ನು ಕರೆದು, ಈ ಶಾಲು ಎಂತಕ್ಕೆ ಎಂದು ಕೇಳಿದರು. ಮಾಷ್ಟ್ರು ಹೇಳಲೇಬೇಕಾಯಿತು. ಟೀಚರು ತುಂಬ ಹೊತ್ತು ಶಾಲನ್ನೇ ನೋಡಿದರಂತೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದರಂತೆ, “ಚಿಲಕವೂ ಉಂಟಾ?”

“ಉಂಟು ಟೀಚರ್.”

ಶುಕ್ರವಾರ ಚಿಲಕ ಬಂತು.

ಪಯ್ಯನ್ನೂರಿನಿಂದ ಮರಳಿದ ಕುಂಞರಿಗೆ ನಮ್ಮ ಪ್ರತಿಯನ್ನು ತೋರಿಸಿದೆವು. ಅವರು ಮೊದಲ ಸಲ ಬಾಯಿಯ ಗುಂಡುಸೂಜಿಗಳನ್ನು ತೆಗೆದಿಟ್ಟು ಓದಿದರು. “ಶಾಹುಲ್ ಹಮೀದ್ ಎಂಬ ನಾನು ಸ್ವಂತ ಬುದ್ಧಿಯಿಂದ ಸುಳ್ಳು ಸುದ್ದಿ ಹರಡಿದ್ದೇನೆ. ಶಾಲೆಗೂ ಅಧ್ಯಾಪಕರಿಗೂ ಇದರಲ್ಲಿ ಯಾವ ಜವಾಬ್ದಾರಿಯೂ ಇಲ್ಲ. ಇನ್ನು ಮುಂದೆ ಶಾಲೆಯ ಯಾವ ವಿಷಯಕ್ಕೂ ಬಾಯಿ ಹಾಕುವುದಿಲ್ಲ.”

ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ಕಾಗದ ಇವತ್ತಿಗೂ ನಮ್ಮ ಕಪಾಟಿನಲ್ಲಿದೆ. ಅದನ್ನು ಬರೆಯಲು ಶಾಲೆಗೆ ಎರಡೇ ದಿನ ಸಾಕಾಯಿತು. ‘ಮಗುವನ್ನು ಐದು ದಿನ ಮನೆಯಲ್ಲಿರಿಸಿ’ ಎಂದು ಕನ್ನಡದಲ್ಲಿ ಬರೆಯಲು ಮಾತ್ರ ಅಷ್ಟು ವರ್ಷ ಯಾರಿಗೂ ಪುರುಸೊತ್ತಾಗಿರಲಿಲ್ಲ.

ಕ್ಯಾಂಪು ಕಳೆದು ಹದಿನೇಳನೇ ದಿನ, ಆದಿತ್ಯವಾರ, ಝುಹ್ರಾಳ ಬಲಗೆನ್ನೆ ಊದಿತು. ನಾನು ಗಂಜಿಯನ್ನು ತೆಳ್ಳಗೆ ಮಾಡಿ ಚಮಚದಲ್ಲಿ ಕುಡಿಸುತ್ತಿದ್ದಾಗ ಫೋನು ಸದ್ದು ಮಾಡಿತು. ಗ್ರೂಪಿಗೆ ನೋಟೀಸು ಬಂದಿತ್ತು. ಕೇಶವಪ್ರಸಾದ ಮಾಷ್ಟ್ರ ಗುಂಡಗಿನ ಕೈಬರಹ, ಮೇಲಿನಿಂದ ಕೆಳಗಿನವರೆಗೆ ಕನ್ನಡ, ಅಡಿಯಲ್ಲಿ ಟೀಚರ ಸಹಿ. ಮಂಗನಬಾವಿನ ಮಗುವಿಗೆ ಏನು ಕೊಡಬೇಕು, ಏನು ಕೊಡಬಾರದು, ಎಷ್ಟು ದಿನ, ಯಾವಾಗ ಆಸ್ಪತ್ರೆಗೆ ಓಡಬೇಕು. ಹುಳಿ ಕೊಡಬಾರದಂತೆ. ಪಕ್ಕದಲ್ಲೇ ಹಿಂಡಿಟ್ಟ ಲಿಂಬೆಯ ಪಾನಕವಿತ್ತು. ಅದನ್ನು ಅಲ್ಲೇ ಚೆಲ್ಲಿ, ನೋಟೀಸನ್ನು ಎರಡು ಸಲ ಓದಿದೆ. ಯಾರನ್ನೂ ಕೇಳದೆ, ನನ್ನ ಕಣ್ಣಿನಿಂದಲೇ.

ಅಷ್ಟರಲ್ಲಿ ಹವ್ವಮ್ಮ ಮಾಮಿಯ ವಾಯ್ಸ್ ಬಂತು. “ಶಾಹುಲೇ, ಪೇಪರ್ ಬಂತಲ್ಲ. ನೀನು ಯಾಕೆ ಇನ್ನೂ ಹೇಳಲಿಲ್ಲ?”

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. ನಾನು ಅವರ ಕೈಯಿಂದ ಫೋನು ತೆಗೆದುಕೊಂಡು ಹೇಳಿದೆ, “ಮಾಮಿ, ಇದು ಕನ್ನಡದಲ್ಲೇ ಉಂಟು. ನೀವು ಎರಡನೇ ಕ್ಲಾಸು ಕಲಿತವರಲ್ಲ? ನೀವೇ ಓದಿ.”

ಆಮೇಲೆ ನಾಲ್ಕು ನಿಮಿಷದ ಒಂದು ವಾಯ್ಸ್ ಬಂತು. ಅರುವತ್ತು ವರ್ಷಗಳ ಹಿಂದೆ ಬಿಟ್ಟ ಅಕ್ಷರಗಳನ್ನು ಅವರು ಒಂದೊಂದಾಗಿ ಹುಡುಕಿ ಜೋಡಿಸುತ್ತಿದ್ದರು. “ಕೆ... ನ್ನೆ. ಕೆನ್ನೆ. ಊ... ದಿ... ದ. ಊದಿದ. ಮ... ಕ್ಕ... ಳ... ನ್ನು.” ಗ್ರೂಪಿನಲ್ಲಿ ಒಂದು ಹೆಬ್ಬೆರಳೂ ಬೀಳಲಿಲ್ಲ. ಝುಹ್ರಾ ಗಂಜಿ ನುಂಗುವುದನ್ನು ನಿಲ್ಲಿಸಿ ಕೇಳಿದಳು.

“ಶಾ... ಲೆ... ಗೆ. ಶಾಲೆಗೆ. ಕ... ಳು... ಹಿ... ಸ... ಬಾ... ರ... ದು.”

ಆಮೇಲೆ ಅದೇ ಮಾತು, ಈ ಸಲ ಒಂದೇ ಏಟಿಗೆ.

“ಕಳುಹಿಸಬಾರದು!”



“ಶಾಹುಲೇ,” ಎಂದಿತು ಫೋನು. “ಮನೆಯಲ್ಲೇ ಇರು. ನಾನು ಬರ್ತಾ ಇದ್ದೇನೆ.”

ಆದಿತ್ಯವಾರ ಎಂದೂ ತೆರೆಯದ ಅಂಗಡಿಯನ್ನು ತೆರೆಯಲು ನನ್ನ ಗಂಡ ಹಿಂಬಾಗಿಲಿನಿಂದ ಹೊರಟರು. ಅವಸರದಲ್ಲಿ ಚಪ್ಪಲಿ ಹಾಕಲು ಮರೆತಿದ್ದರು.